ಕಸದ ಹಾಳೆಯ ಗ್ರಾಮಸಭೆ

ಬಿಚ್ಚಿಕೊಂಡು ಬಂದ ಡೈಪರನ್ನು ಒಣ ಕಸದಿಂದ ಬೇರೆ ಮಾಡಲು ಅವ್ವನಿಗೆ ಐದು ಸೆಕೆಂಡು ಬೇಕು. ಸುತ್ತದೆ ಎಸೆದ ಪ್ಯಾಡಿಗೆ ಅದಕ್ಕಿಂತ ಕಡಿಮೆ. ಕೋಳಿ ಕರುಳು ಪ್ಲಾಸ್ಟಿಕ್ ಕವರಿನಲ್ಲಿ ಎರಡು ದಿನ ಕೊಳೆತು ಬಂದರೆ ಹೊತ್ತು ಹಿಡಿಯುತ್ತದೆ. ಕವರು ಹರಿಯದ ಹಾಗೆ ಎತ್ತಬೇಕು. ಹರಿದರೆ ನೀರು ಮೊಣಕೈವರೆಗೆ ಇಳಿಯುತ್ತದೆ. ಪಂಚಾಯಿತಿ ಕೊಟ್ಟ ಕೈಗವಸು ಮಣಿಕಟ್ಟಿಗೇ ಮುಗಿಯುತ್ತದೆ. ಒಂದು ಜೊತೆ ಮೂರು ತಿಂಗಳು ಬಾಳಬೇಕೆಂದು ನಿಯಮ. ಹದಿನೈದನೇ ದಿನಕ್ಕೆ ಹೆಬ್ಬೆರಳು ಹೊರಗೆ ಬರುತ್ತದೆ.

ಇದನ್ನೆಲ್ಲ ನಾನು ಕಸದ ಶೆಡ್ಡಿನಲ್ಲಿ ಕೂತು ನೋಡಿದ್ದೇನೆ, ಗಡಿಯಾರ ಹಿಡಿದು ಎಣಿಸಿದ್ದೇನೆ. ಅಳೆದು ನೋಡುವುದು ನನಗೆ ಕಾಲೇಜು ಕಲಿಸಿದ ಅಭ್ಯಾಸ.

ನಮ್ಮೂರು ಬಿಳಿಗಲ್ಲುಕೊಪ್ಪ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ಮಲವಗೊಪ್ಪ ದಾಟಿ ಸ್ವಲ್ಪ ಒಳಗೆ. ಗದ್ದೆಗಳು ಸೈಟುಗಳಾಗಿವೆ. ಪಂಚಾಯಿತಿ ಲೆಕ್ಕದಲ್ಲಿ ಇನ್ನೂರ ಎಂಬತ್ತು ಮನೆ. ಅಷ್ಟೂ ಮನೆಯ ಕಸ ಎತ್ತುವವರು ಇಬ್ಬರು ಹೆಂಗಸರು. ಗಾಡಿ ಓಡಿಸುವವಳು ಮುಸರ್ರತ್ ಆಪಾ. ಗಂಡ ಭದ್ರಾವತಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಅವನು ತೀರಿಕೊಂಡ ಮೇಲೆ ಇವಳು ಡ್ರೈವಿಂಗ್ ಕಲಿತಳು. ಬಕೆಟ್ ತೆಗೆದುಕೊಂಡು ಸುರಿಯುವವಳು, ಆಮೇಲೆ ಶೆಡ್ಡಿನಲ್ಲಿ ಕೂತು ಬೇರ್ಪಡಿಸುವವಳು ನನ್ನ ಅವ್ವ ದುರ್ಗಮ್ಮ.

ನಾನು ನವ್ಯಾ. ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಾಲಜಿ ಬಿ.ಎಸ್ಸಿ., ಕೊನೆಯ ವರ್ಷ. ರಕ್ತ, ಕಫ, ಮಲ ಪರೀಕ್ಷೆ ಮಾಡುವ ವಿದ್ಯೆ. ಎರಡನೇ ವರ್ಷದಲ್ಲಿ ಮೇಡಂ ಒಬ್ಬರು ಮನೆಯಿಂದ ಯಾವುದಾದರೂ ಸ್ಯಾಂಪಲ್ ತನ್ನಿ ಎಂದರು. ನಾನು ಅವ್ವನ ಉಗುರಿನ ಸಂದಿಯನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಒಯ್ದೆ. ಅವಳು ಎರಡು ಸಲ ಸೋಪು ಹಾಕಿ ತೊಳೆದ ಕೈ ಅದು. ಮರುದಿನ ಲ್ಯಾಬಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಇಡೀ ತರಗತಿಯಲ್ಲಿ ಅಷ್ಟು ದಟ್ಟವಾಗಿ ಬೆಳೆದದ್ದು ನನ್ನದೊಂದೇ. ಮೇಡಂ ಅದನ್ನು ಎಲ್ಲರಿಗೂ ತೋರಿಸಿದರು. "ಎಲ್ಲಿಂದ ತಗೊಂಡೆ?" ಎಂದು ಕೇಳಿದರು. "ಬಸ್ಸಿನ ಕಂಬಿಯಿಂದ" ಎಂದೆ. ಆ ಸುಳ್ಳಿಗೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆ ಇದೆ.

ಸರ್ಕಾರ ಕೊಡುವ ವಿದ್ಯಾರ್ಥಿವೇತನ ನಮ್ಮ ಕಾಲೇಜಿನ ಫೀಸಿನ ಅರ್ಧವನ್ನೂ ಮುಟ್ಟುವುದಿಲ್ಲ. ಮೊದಲೆರಡು ವರ್ಷ ಅವ್ವನ ಓಲೆ, ಸಂಘದ ಸಾಲ, ಮುಸರ್ರತ್ ಆಪಾ ಕೊಟ್ಟ ಕೈಗಡ ಸೇರಿ ನಡೆಯಿತು. ಮೂರನೇ ವರ್ಷಕ್ಕೆ ಏನೂ ಉಳಿದಿರಲಿಲ್ಲ. ಆಗ ಗೊತ್ತಾದದ್ದು ಪಂಚಾಯಿತಿಯ ವಿಷಯ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ನಾಲ್ಕನೇ ಒಂದು ಪಾಲನ್ನು ಪರಿಶಿಷ್ಟರಿಗೆಂದು ತೆಗೆದಿಡಬೇಕು. ಅದರಲ್ಲಿ ಕಾಲೇಜು ಫೀಸಿಗೂ ಕೊಡಬಹುದು. ಯಾರಿಗೆ ಎಂದು ಗ್ರಾಮಸಭೆ ತೀರ್ಮಾನಿಸಬೇಕು. ಬೆಂಗಳೂರು ಕೇಳಬೇಕಾಗಿಲ್ಲ, ಜಿಲ್ಲೆ ಕೇಳಬೇಕಾಗಿಲ್ಲ. ಊರಿನವರು ಒಂದೆಡೆ ಕೂತು ಹೂಂ ಎಂದರೆ ಸಾಕು. ಪಂಚಾಯಿತಿ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಬರೆಸಿದ್ದಾರೆ: ನಿಮ್ಮ ಊರು, ನಿಮ್ಮ ಅಧಿಕಾರ.

ಜುಲೈನಲ್ಲಿ ಅರ್ಜಿ ಕೊಟ್ಟೆ. ಸೀಲು ಹೊಡೆಸಿ ಸ್ವೀಕೃತಿ ಪಡೆದೆ. ಪಿಡಿಒ ಜಯಕುಮಾರ್, ಅಂದರೆ ಪಂಚಾಯಿತಿ ನಡೆಸುವ ಸರ್ಕಾರಿ ಅಧಿಕಾರಿ, ಅರ್ಜಿ ನೋಡಿ ಮೆಚ್ಚಿಕೊಂಡರು.

"ಅಕ್ಷರ ಎಷ್ಟು ಚೆನ್ನಾಗಿದೆಯಮ್ಮ ನಿಂದು. ಒಂದು ಕೆಲ್ಸ ಮಾಡ್ಕೊಡ್ತೀಯಾ? ನಿಮ್ಮಮ್ಮಂಗೇ ಬೇಕಾಗಿರೋದು."

ಕಸ ಕೊಟ್ಟ ಮನೆಯವರಿಂದ ತಿಂಗಳಿಗೊಮ್ಮೆ ಸಹಿ ಹಾಕಿಸುವ ಹಾಳೆ ಅದು. ಹಸಿ ಕಸ ಕೊಟ್ಟರೆ ಒಂದು ಕಾಲಮ್ಮಿನಲ್ಲಿ ಟಿಕ್ಕು, ಒಣ ಕಸಕ್ಕೆ ಪಕ್ಕದ ಕಾಲಮ್ಮಿನಲ್ಲಿ ಟಿಕ್ಕು, ಕೊನೆಗೆ ಸಹಿ. ಅವ್ವ ಬಾಗಿಲಲ್ಲಿ ನಿಂತು ಹಾಳೆ ಚಾಚುತ್ತಾಳೆ. ಜನ ಬಕೆಟ್ ಕೊಟ್ಟು, ಮೂಗಿಗೆ ಸೆರಗು ಹಿಡಿದು, ನೋಡದೆ ಗೀಚುತ್ತಾರೆ. ಹಾಳೆಗೆ ಕೈ ತಾಗಬಾರದು ಎಂದು ಕೆಲವರು ತಮ್ಮದೇ ಪೆನ್ನು ತರುತ್ತಾರೆ.

"ಮೇಲ್ಗಡೆ ನಾಕು ಬೆರಳು ಜಾಗ ಬಿಡು. ಹೆಡಿಂಗ್ ನಾವು ಪ್ರಿಂಟ್ ಹಾಕ್ತೀವಿ. ಕಾಲಂ ಮೇಲೂ ಏನೂ ಬರೀಬೇಡ" ಎಂದರು ಜಯಕುಮಾರ್.

ಲ್ಯಾಬ್ ರೆಕಾರ್ಡಿಗೆ ಎಳೆಯುವಂತೆ ಗೆರೆ ಎಳೆದೆ. ಎಡಕ್ಕೆ ಹದಿನೈದು ಮಿಲಿಮೀಟರ್ ಅಂಚು. ಸಾಲಿಗೆ ಒಂಬತ್ತು ಮಿಲಿಮೀಟರ್. ಹಾಳೆಗೆ ಇಪ್ಪತ್ತು ಸಾಲು, ಹದಿನಾಲ್ಕು ಹಾಳೆ. ಒಂದರಿಂದ ಇನ್ನೂರ ಎಂಬತ್ತರವರೆಗೆ ಕ್ರಮಸಂಖ್ಯೆ ನನ್ನ ಕೈಯಲ್ಲೇ ಬರೆದೆ. ಫೀಸಿನ ಅರ್ಜಿ ಅವರ ಮೇಜಿನ ಮೇಲಿತ್ತು. ಒಂದು ಗೆರೆಯೂ ಸೊಟ್ಟ ಆಗಬಾರದು ಅನ್ನಿಸಿತ್ತು.

ಸೆಪ್ಟೆಂಬರಿನಲ್ಲಿ ಅವ್ವ ಮನೆ ಮನೆ ತಿರುಗಿ ಆ ಹಾಳೆಗಳನ್ನು ತುಂಬಿಸಿದಳು. ಅರ್ಜಿಯ ಸುದ್ದಿ ಬರಲಿಲ್ಲ. ನವೆಂಬರಿನಲ್ಲಿ ಕಾಲೇಜಿನವರು ನೋಟಿಸ್ ಹಾಕಿದರು. ಬಾಕಿ ಕಟ್ಟದವರಿಗೆ ಪರೀಕ್ಷೆಯ ಪ್ರವೇಶಪತ್ರ ಇಲ್ಲ. ನಾನು ಪಂಚಾಯಿತಿಗೆ ಹೋದೆ.

"ಗ್ರಾಮಸಭೆಲಿ ತೀರ್ಮಾನ ಆಗೋಯ್ತಲ್ಲಮ್ಮ. ಸೆಪ್ಟೆಂಬರ್ ಹದಿನೆಂಟಕ್ಕೆ" ಎಂದರು ಜಯಕುಮಾರ್.

"ಯಾವ ಗ್ರಾಮಸಭೆ ಸಾರ್? ಡಂಗೂರ ಇಲ್ಲ, ಮೈಕ್ ಇಲ್ಲ."

"ಊರಿಗೂರೇ ಬಂದಿತ್ತು. ಇನ್ನೂರ ಅರವತ್ತೊಂದು ಜನ. ನಿಮ್ಮಮ್ಮನೂ ಬಂದಿದ್ಳು, ಕೇಳು."

ಮನೆಗೆ ಬಂದು ಕೇಳಿದೆ. ಅವ್ವ ಒಲೆಯ ಮುಂದೆ ಕೂತಿದ್ದವಳು ತಿರುಗಿ ನೋಡಿದಳು. "ಅವತ್ತು ಲೇಔಟಿನ ಚರಂಡಿ ಪಿಟ್ಟು ಕಟ್ಕೊಂಡಿತ್ತು ಕಣೆ. ಸಂಜೆ ತಂಕ ಅದ್ರಾಗೇ ಇದ್ದೆ. ಸಭೆಗೆಲ್ಲಿ ಹೋಗ್ಲಿ?"

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಪಂಚಾಯಿತಿ ಮೂವತ್ತೆರಡು ದಿನ ತಿಂದು ಹದಿನೇಳು ಪುಟ ಕೊಟ್ಟಿತು. ಮೊದಲ ಮೂರು ಪುಟ ನಡಾವಳಿ. ನಾಲ್ಕನೇ ನಿರ್ಣಯ ಹೀಗಿತ್ತು: "ಯಾವುದೇ ಪರಿಶಿಷ್ಟ ವಿದ್ಯಾರ್ಥಿಯಿಂದ ಅರ್ಜಿ ಬಾರದ ಕಾರಣ, ಶಿಕ್ಷಣ ಸಹಾಯಧನದ ಮೊತ್ತವನ್ನು ಪರಿಶಿಷ್ಟ ಕಾಲೊನಿಯ ಸಂಪರ್ಕ ರಸ್ತೆಗೆ ಬಳಸಲು ಸಭೆಯು ಸರ್ವಾನುಮತದಿಂದ ಒಪ್ಪಿತು." ನಮ್ಮ ಕೇರಿ ನಾಲೆಯ ಆಚೆ ಇದೆ. ಆ ಹೊಸ ಕಾಂಕ್ರೀಟ್ ರಸ್ತೆ ನಾಲೆಯ ಈಚೆಗೇ, ಪಂಚಾಯಿತಿ ಅಧ್ಯಕ್ಷೆಯ ತಮ್ಮನ ಲೇಔಟಿನ ಗೇಟಿಗೆ ಮುಗಿಯುತ್ತದೆ.

ಉಳಿದ ಹದಿನಾಲ್ಕು ಪುಟ ಹಾಜರಾತಿ. ಎಡಕ್ಕೆ ಹದಿನೈದು ಮಿಲಿಮೀಟರ್ ಅಂಚು. ಏಳು ಬರೆದ ಕಡೆಯೆಲ್ಲ ನಾನು ಹಾಕುವ ಚಿಕ್ಕ ಅಡ್ಡಗೆರೆ. ನಾಲ್ಕು ಬೆರಳಿನ ಜಾಗದಲ್ಲಿ ಅಚ್ಚು ಹೊಡೆದಿದ್ದರು: ಗ್ರಾಮಸಭೆಗೆ ಹಾಜರಾದ ಗ್ರಾಮಸ್ಥರು.

ಶೆಡ್ಡಿನ ಹೊರಗೆ ಗಾಡಿಯ ಬಾನೆಟ್ಟಿನ ಮೇಲೆ ಹಾಳೆ ಹರಡಿಕೊಂಡು ನಿಂತಿದ್ದೆ. ಅಳೆದು ನೋಡುವ ಅಭ್ಯಾಸ ಬಿಡಲಿಲ್ಲ. ಒಂದೊಂದೇ ಸಾಲು ನೋಡುತ್ತ ಹೋದೆ. ಹಸಿ ಕಸದ ಕಾಲಂ ಮೇಲೆ "ಪುರುಷ" ಎಂದು ಅಚ್ಚಾಗಿತ್ತು. ಒಣ ಕಸದ ಕಾಲಂ ಮೇಲೆ "ಮಹಿಳೆ". ಟಿಕ್ಕುಗಳನ್ನು ಯಾರೂ ನೋಡಿರಲಿಲ್ಲ. ಎರಡೂ ಕಸ ಕೊಟ್ಟ ನೂರ ಎಪ್ಪತ್ತಮೂರು ಜನ ದಾಖಲೆಯಲ್ಲಿ ಗಂಡಸೂ ಆಗಿದ್ದರು, ಹೆಂಗಸೂ ಆಗಿದ್ದರು.

ಮುಸರ್ರತ್ ಆಪಾ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ನಂದು ಎಲ್ಲಿ ಬೇಟಿ?"

"ಇನ್ನೂರ ಮೂರು. ನೀವು ಎರಡೂ."

"ಯಾ ಅಲ್ಲಾ. ಗಂಡ ಸತ್ತ ಮೇಲೆ ಮನೇಲಿ ಎರಡೂ ನಾನೇ ಅಂತ ಇವ್ರಿಗೆ ಹೆಂಗ್ ಗೊತ್ತಾಯ್ತು ಮಾರಾಯ್ತಿ?" ಎಂದಳು. ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ನೂರ ಹನ್ನೆರಡನೇ ಸಾಲಿನಲ್ಲಿ ಪಂಚಾಯಿತಿ ಅಧ್ಯಕ್ಷೆ ಪದ್ಮಮ್ಮನ ಸಹಿ ಇತ್ತು. ಅವರ ಮನೆಯವರು ಹಸಿ ಕಸ ಮಾತ್ರ ಕೊಡುತ್ತಾರೆ. ಒಣ ಕಸವನ್ನು ಹಿತ್ತಲಲ್ಲೇ ಸುಡುತ್ತಾರೆ. ಹಾಗಾಗಿ ಪದ್ಮಮ್ಮ ಪುರುಷ. ಮಹಿಳೆಗೆ ಮೀಸಲಾದ ಕುರ್ಚಿಯಲ್ಲಿ ಅವರು ಕೂರುತ್ತಾರೆ, ಪಕ್ಕದ ಕುರ್ಚಿಯಲ್ಲಿ ಕೂತು ಅಧಿಕಾರ ನಡೆಸುವವನು ಗಂಡ ಮೂರ್ತಪ್ಪ. ಹದಿನಾಲ್ಕು ಪುಟದಲ್ಲಿ ಸತ್ಯಕ್ಕೆ ಹತ್ತಿರ ಇದ್ದದ್ದು ಆ ಒಂದು ಟಿಕ್ಕು.

ಇನ್ನೂರ ಅರವತ್ತನೇ ಸಾಲು ಅವ್ವನದು. ಸಾಕ್ಷರತಾ ತರಗತಿಯಲ್ಲಿ ಕಲಿತ ದುಂಡು ಸಹಿ. ಅವಳ ಮಗಳು ಅರ್ಜಿಯನ್ನೇ ಹಾಕಿಲ್ಲ ಎಂಬ ಮಾತಿನ ಕೆಳಗೆ.

ನಾನು ಅದನ್ನು ಓದಿ ಹೇಳಿದೆ. ಅವ್ವ ಕೈಗವಸು ಕಳಚಿ ಕೆಳಗೆ ಹಾಕಿದಳು. ಆಮೇಲೆ ಕೇಳಿದಳು, "ಅಷ್ಟು ಮನೆ ಬಾಗ್ಲಿಗೂ ಇದನ್ನ ಹೊತ್ಕೊಂಡು ಹೋದೋಳು ನಾನೇ ಅಲ್ವಾ?"

"ಗೆರೆ ಎಳ್ದೋಳು ನಾನು ಅವ್ವ."

ಬೆಂಗಳೂರಿನಲ್ಲಿ ಕೂತವರು ಅನ್ಯಾಯ ಮಾಡುವಾಗ ಅವರಿಗೆ ನನ್ನ ಹೆಸರು ಗೊತ್ತಿರುವುದಿಲ್ಲ. ಅಧಿಕಾರ ಊರಿಗೆ ಬಂದರೆ ಮುಖ ನೋಡಿಯಾದರೂ ನ್ಯಾಯ ಕೊಡುತ್ತಾರೆ ಎಂದು ನಾಗರಿಕಶಾಸ್ತ್ರದ ಪುಸ್ತಕದಲ್ಲಿ ಓದಿದ್ದೆ. ಇವರಿಗೆ ನಮ್ಮ ಮುಖ ಗೊತ್ತಿತ್ತು. ಅವ್ವನ ಕೈ ಗೊತ್ತಿತ್ತು, ಅದರಲ್ಲಿ ಏನೇನು ಹಾದುಹೋಗುತ್ತದೆ ಎಂಬುದೂ ಗೊತ್ತಿತ್ತು. ಅದೇ ಕೈಯನ್ನು ಹಿಡಿದು ನಮ್ಮ ಕತ್ತು ಕುಯ್ದಿದ್ದರು.

ಮೇಲಿನ ಕಚೇರಿಗೆ, ಅಂದರೆ ತಾಲ್ಲೂಕು ಪಂಚಾಯಿತಿಗೆ, ದೂರು ಬರೆದೆ. ಅದರ ಒಂದು ಪ್ರತಿಯನ್ನು ನಮ್ಮ ಪಂಚಾಯಿತಿಗೂ ಕೊಟ್ಟೆ. ಎರಡೇ ದಿನಕ್ಕೆ ಕರೆ ಬಂತು. ಫೀಸು ಕಟ್ಟಲು ಇನ್ನು ನಾಲ್ಕು ದಿನ ಉಳಿದಿತ್ತು.

ಪಂಚಾಯಿತಿಯ ಒಳಗೆ ಮೂರು ಜನ ಇದ್ದರು. ಅಧ್ಯಕ್ಷರ ಕುರ್ಚಿಯ ತುದಿಯಲ್ಲಿ ಪದ್ಮಮ್ಮ, ಪಕ್ಕದಲ್ಲಿ ಕಾಲು ಚಾಚಿಕೊಂಡು ಮೂರ್ತಪ್ಪ, ಎದುರಿಗೆ ಜಯಕುಮಾರ್. ಖಾಲಿ ಕುರ್ಚಿಗಳು ಐದಿದ್ದವು. ಅವ್ವ ಕೆಲಸದಿಂದ ನೇರ ಬಂದಿದ್ದಳು.

"ದುರ್ಗಿ, ಆ ಕಡೆ ಗೋಡೆ ಹತ್ರ ನಿಂತ್ಕೋ" ಎಂದ ಮೂರ್ತಪ್ಪ. "ಫ್ಯಾನ್ ಗಾಳಿ ನಿನ್ ಮೇಲಿಂದ ಈ ಕಡೆಗೇ ಬರುತ್ತೆ."

ಅವ್ವ ಗೋಡೆಯ ಹತ್ತಿರ ಹೋದಳು. ಇಪ್ಪತ್ತು ವರ್ಷದಿಂದ ಹೀಗೆ ಹೇಳಿದ ಕಡೆ ನಿಂತು ಅವಳ ಕಾಲಿಗೆ ರೂಢಿಯಾಗಿದೆ. ನಾನೂ ಹೋಗಿ ಅವಳ ಪಕ್ಕ ನಿಂತೆ.

"ಮಗಳು ಭಾರಿ ಓದ್ಬಿಟ್ಳು ಬಿಡು. ಊರಿನ್ ಮರ್ಯಾದೆ ತೆಗೆಯೋ ಮಟ್ಟಕ್ಕೆ. ಏನಮ್ಮ, ಆ ದೂರ್ನಲ್ಲಿ ಏನೋ ಬರ್ದಿದೀಯಂತೆ, ನಮ್ಮನೆಯೋಳು ಗಂಡ್ಸು ಅಂತ?"

"ನಾನು ಬರ್ದಿಲ್ಲ. ನಿಮ್ಮ ಹಾಜರಾತಿಲಿ ಇದೆ."

ಜಯಕುಮಾರ್ ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ಕ್ಲರಿಕಲ್ ಮಿಸ್ಟೇಕು. ಎಲ್ಲಾ ಪಂಚಾಯ್ತಿಲೂ ಹಿಂಗೇ ನಡೆಯೋದು. ಜನ ಬರಲ್ಲ, ಕೋರಂ ಇಲ್ದೆ ಹಣ ಖರ್ಚಾಗಲ್ಲ. ಖರ್ಚಾಗ್ದಿದ್ರೆ ನಮ್ಗೆ ಬೈಗುಳ. ಏನ್ ಮಾಡೋದು?"

"ಕರೆದ್ರಲ್ವಾ ಸಾರ್ ಜನ ಬರೋದು."

ಮೂರ್ತಪ್ಪ ಜೇಬಿನಿಂದ ಒಂದು ಚೆಕ್ ತೆಗೆದು ಮೇಜಿನ ಮೇಲಿಟ್ಟ. ಕಾಲೇಜಿನ ಹೆಸರಿಗೆ ಬರೆದದ್ದು. ನನ್ನ ಬಾಕಿ ಎಷ್ಟೋ ಅಷ್ಟೇ ಮೊತ್ತ. ಅದನ್ನು ಅವನು ಹೇಗೆ ತಿಳಿದುಕೊಂಡ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ನನ್ ಸ್ವಂತ ದುಡ್ಡು. ಭಾನುವಾರ ಒಂದು ಸಣ್ಣ ಫಂಕ್ಷನ್ ಮಾಡಣ. ಶಾಲು ಹಾಕಿ ಕೊಡ್ತೀನಿ, ಪೇಪರ್ನೋರು ಬರ್ತಾರೆ. ಬಡ ಕಸದೋಳ ಮಗಳಿಗೆ ನೆರವು. ನಿನ್ಗೂ ಹೆಸ್ರು. ಆ ದೂರು ವಾಪಸ್ ತಗೋ, ಮುಗೀತು."

"ಇನ್ನೊಂದು" ಎಂದರು ಜಯಕುಮಾರ್, ಮೇಜಿನ ಕೆಳಗಿನಿಂದ ಹೊಸ ಹಾಳೆಗಳ ಕಟ್ಟು ತೆಗೆದು. "ಹಳೇ ನಡಾವಳಿ ಸರಿ ಮಾಡೋಕೆ ಇನ್ನೊಂದು ಸಭೆ ತೋರಿಸ್ಬೇಕು. ದುರ್ಗಮ್ಮ, ನಾಳೆ ಗಾಡಿ ಜೊತೆ ಇವನ್ನ ತಗೊಂಡ್ ಹೋಗಿ ಸೈನ್ ಹಾಕಿಸ್ಕೊಂಡ್ ಬಂದ್ಬಿಡು. ಈ ಸಲ ಟಿಕ್ಕು ಬೇಡ."

ಇಲ್ಲಿ ನಾನು ಸುಳ್ಳು ಬರೆಯುವುದಿಲ್ಲ. ನನಗೆ ಆ ಚೆಕ್ ಬೇಕಾಗಿತ್ತು. ಅದು ನನ್ನಿಂದ ಒಂದೂವರೆ ಮೀಟರ್ ದೂರದಲ್ಲಿತ್ತು. ಪರೀಕ್ಷೆ, ಪ್ರಮಾಣಪತ್ರ, ಬಿಳಿ ಕೋಟು, ಅವ್ವನನ್ನು ಆ ಶೆಡ್ಡಿನಿಂದ ಹೊರಗೆ ತರುವ ಸಂಬಳ, ಎಲ್ಲ ಆ ಕಾಗದದ ಮೇಲೆ ಇತ್ತು. ಶಾಲು ಹೊದ್ದು ಒಂದು ಫೋಟೋಗೆ ನಿಂತರೆ ಸಾಯುತ್ತೇನೆಯೇ ಎಂದು ಯೋಚಿಸಿದೆ. "ಅವ್ವ, ತಗೊಳ್ಳಣ" ಎಂದೆ. ಮೆಲ್ಲಗೆ ಅಂದೆ. ಆದರೂ ಎಲ್ಲರಿಗೂ ಕೇಳಿಸಿತು.

ಮೂರ್ತಪ್ಪ ನಕ್ಕ. "ನೋಡು, ಓದಿರೋ ಹುಡುಗೀಗೆ ಬುದ್ಧಿ ಬಂತು."

ಅವ್ವ ಗೋಡೆ ಬಿಟ್ಟು ಬಂದಳು. ಫ್ಯಾನಿನ ಕೆಳಗೇ ನಿಂತಳು. ಅವಳ ಮೈಯ ವಾಸನೆ ಮೇಜಿನ ಆಚೆಗೆ ಹೋಯಿತು. ಜಯಕುಮಾರ್ ಮುಖ ಪಕ್ಕಕ್ಕೆ ಮಾಡಿದರು.

"ಸಾರ್, ಆ ಸಭೆಲಿ ನಾನಿದ್ದೆ ಅಂತ ಬರ್ದಿದೀರಾ?"

"ಬರ್ದಿದೆ."

"ಇದ್ಮೇಲೆ ಏನಾರ ಮಾತಾಡಿರ್ತೀನಲ್ಲ. ಏನ್ ಮಾತಾಡ್ದೆ ಅಂತ ಯಾಕ್ ಬರ್ದಿಲ್ಲ?"

ಜಯಕುಮಾರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಈಗ ಹೇಳ್ತೀನಿ. ಬರ್ಕಳಿ. ನನ್ ಮಗಳು ಅರ್ಜಿ ಕೊಟ್ಟವ್ಳೆ. ಸೀಲು ಐತೆ. ಆ ದುಡ್ಡು ನಮ್ ಹುಡುಗ್ರದ್ದು. ನಿಮ್ ರಸ್ತೆ ನಮ್ ಕೇರಿಗೆ ಬಂದಿಲ್ಲ. ನಾನು ಒಪ್ಪಿಲ್ಲ. ದುರ್ಗಮ್ಮ ಒಪ್ಪಿಲ್ಲ ಅಂತ ಬರ್ಕಳಿ."

"ಏಯ್, ಮೀಟಿಂಗ್ ಅಲ್ಲ ಕಣೆ ಇದು" ಎಂದ ಮೂರ್ತಪ್ಪ.

"ಅದೂ ಆಗಿರ್ಲಿಲ್ವಲ್ಲ ಯಜಮಾನ್ರೆ."

ಅವ್ವ ಚೆಕ್ಕನ್ನು ಮುಟ್ಟಲಿಲ್ಲ. ಹೊಸ ಹಾಳೆಗಳ ಕಟ್ಟನ್ನು ಮಾತ್ರ ಎತ್ತಿದಳು. ತೊಳೆಯದ ಕೈ. ಮೇಲಿನ ಹಾಳೆಯಲ್ಲಿ ಐದು ಬೆರಳೂ ಮೂಡಿದವು. ಕಟ್ಟನ್ನು ಮೂರ್ತಪ್ಪನ ಮುಂದೆ ಇಟ್ಟಳು.

"ನೀವೇ ಹೋಗಿ. ಒಂದೊಂದ್ ಮನೆ ಬಾಗ್ಲಲ್ಲೂ ನಿಂತ್ಕೊಂಡು, ಇದು ಇಂಥದಕ್ಕೆ ಅಂತ ಓದಿ ಹೇಳಿ, ಸೈನ್ ಹಾಕಿಸ್ಕೊಂಡ್ ಬನ್ನಿ. ಕಸ ನಾನು ಎತ್ತೀನಿ. ಇದನ್ನ ಎತ್ತಲ್ಲ."

"ನಾಳೆಯಿಂದ ಕಸ ಎತ್ತೋಕೂ ಬರ್ಬೇಡ" ಎಂದ ಅವನು.

ಆಗ ಪದ್ಮಮ್ಮ ಬಾಯಿ ಬಿಟ್ಟರು. ಅಧ್ಯಕ್ಷೆಯಾದ ಮೇಲೆ ಆ ಕೋಣೆಯಲ್ಲಿ ಅವರ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ಅವತ್ತು ನಾನೂ ಇರ್ಲಿಲ್ಲ ಕಣೆ ದುರ್ಗಮ್ಮ. ಭದ್ರಾವತಿಲಿ ಅಕ್ಕನ ಮನೇಲಿದ್ದೆ." ಗಂಡ ತಿರುಗಿ ನೋಡಿದ. ಅವರು ತಲೆ ತಗ್ಗಿಸಿ ಬಳೆ ಸರಿಮಾಡಿಕೊಂಡರು. ಅದನ್ನು ಬರೆದುಕೊಡಿ ಎಂದು ನಾನು ಕೇಳಿದೆ. ಅವರು ಬರೆದುಕೊಡಲಿಲ್ಲ.

ದಾರಿಯಲ್ಲಿ ಅವ್ವನ ಮೇಲೆ ಸಿಟ್ಟು ಮಾಡಿಕೊಂಡು ಮುಂದೆ ಮುಂದೆ ನಡೆದೆ. ನಾಲೆಯ ಸೇತುವೆಯ ಹತ್ತಿರ ಅವಳು ಕೂಗಿ ನಿಲ್ಲಿಸಿದಳು.

"ನಿನ್ ವರ್ಷ ಹಾಳ್ಮಾಡ್ದೆ ಅಂತ ಬೈಬೇಕು ಅನ್ಸಿದ್ರೆ ಬೈ. ಮನಸ್ನಾಗೆ ಇಟ್ಕಬೇಡ."

ನಾನು ಬೈಯಲಿಲ್ಲ. ಅಳುವುದಕ್ಕೂ ಆಗಲಿಲ್ಲ. ನಾಳೆಯಿಂದ ಅವಳಿಗೆ ಕೆಲಸ ಇರಲಿಲ್ಲ, ನಾಲ್ಕು ದಿನ ಕಳೆದರೆ ನನಗೆ ಪರೀಕ್ಷೆ ಇರಲಿಲ್ಲ. ಇಬ್ಬರೂ ಮನೆಗೆ ಹೋಗಿ ಅನ್ನಕ್ಕಿಟ್ಟೆವು.

ಮುಸರ್ರತ್ ಆಪಾ ಮರುದಿನ ಗಾಡಿ ತೆಗೆಯಲಿಲ್ಲ. "ಒಬ್ಳೇ ಓಡಿಸ್ಲಾ, ಒಬ್ಳೇ ಸುರೀಲಾ? ನಂಗೆ ನಾಕು ಕೈ ಐತಾ?" ಎಂದು ಕೀಲಿ ಪಂಚಾಯಿತಿಗೆ ಒಪ್ಪಿಸಿ ಬಂದಳು. ಬೇರೆ ಯಾರನ್ನು ಕರೆದರೂ ಶೆಡ್ಡಿನ ಬಾಗಿಲವರೆಗೆ ಬಂದು, ಒಳಗೆ ನೋಡಿ, ವಾಪಸ್ ಹೋದರು. ಮೂರನೇ ದಿನಕ್ಕೆ ಲೇಔಟಿನ ಗೇಟಿನಲ್ಲಿ ಕವರುಗಳ ಗುಡ್ಡೆಯಾಯಿತು. ನಾಯಿಗಳು ಎಳೆದಾಡಿದವು. ಹೊಸ ಕಾಂಕ್ರೀಟ್ ರಸ್ತೆಯ ಉದ್ದಕ್ಕೂ ಡೈಪರುಗಳು ಬಾಯಿ ಬಿಟ್ಟು ಬಿದ್ದಿದ್ದವು. ಜನ ಮೂಗು ಮುಚ್ಚಿಕೊಂಡು ನಮ್ಮನ್ನು ಬೈದರು. ಏನು ನಡೆಯಿತೆಂದು ಒಬ್ಬರೂ ಕೇಳಲಿಲ್ಲ. ಕಾರಣ ಹೇಳಲು ಅವ್ವ ಮನೆ ಮನೆಗೆ ಹೋದಳು. ನಿಮ್ಮ ಸೈನನ್ನು ಹೀಗೆ ಬಳಸಿದ್ದಾರೆ ಎಂದಳು. ಕೆಲವರು ಬಾಗಿಲು ತೆಗೆಯಲೇ ಇಲ್ಲ. ತೆಗೆದವರಲ್ಲಿ ಹೆಚ್ಚಿನವರು, "ನಮ್ಗೆ ಯಾಕೆ ಬೇಕು ಅದೆಲ್ಲ, ಗಾಡಿ ಯಾವಾಗ ಬರುತ್ತೆ?" ಎಂದರು. ಹತ್ತೊಂಬತ್ತು ಮನೆಯವರು ಮಾತ್ರ, ಸಭೆಗೆ ನಾವು ಹೋಗಿಲ್ಲ ಎಂದು ಬರೆದು ಸಹಿ ಹಾಕಿದರು. ಓದಿ ನೋಡಿ ಹಾಕಿದರು. ಇನ್ನೂರ ಎಂಬತ್ತರಲ್ಲಿ ಹತ್ತೊಂಬತ್ತು. ಶೇಕಡ ಏಳೂ ಆಗುವುದಿಲ್ಲ.

ಹಣ ಕಟ್ಟುವ ದಿನ ಕಳೆಯಿತು. ಪ್ರವೇಶಪತ್ರ ಬರಲಿಲ್ಲ. ಪರೀಕ್ಷೆಯ ಮೊದಲ ದಿನ ನನ್ನ ಗೆಳತಿಯರು ಹತ್ತು ಗಂಟೆಗೆ ಒಳಗೆ ಹೋಗುವಾಗ ನಾನು ಮನೆಯ ಜಗುಲಿಯಲ್ಲಿದ್ದೆ. ಆಗ ಪಂಚಾಯಿತಿಯ ಬಿಲ್ ಕಲೆಕ್ಟರ್ ಕಲ್ಲಪ್ಪ ಸೈಕಲ್ಲಿನಲ್ಲಿ ಬಂದ. ಮೇಲಿನ ಕಚೇರಿಯವರು ನನ್ನ ದೂರಿಗೆ ವಿವರಣೆ ಕೇಳಿದ್ದರು. ಪಂಚಾಯಿತಿಗೆ ತಪ್ಪನ್ನು ಯಾರ ಮೇಲಾದರೂ ಹಾಕಬೇಕಾಗಿತ್ತು. ನೋಟಿಸ್ ಅವ್ವನ ಹೆಸರಿಗಿತ್ತು.

"ಸೈನ್ ಹಾಕ್ಬಿಡು ದುರ್ಗಮ್ಮ, ನಂಗೆ ಇನ್ನೂ ಕಂದಾಯಕ್ಕೆ ಹೋಗೋದೈತೆ" ಎಂದ.

"ಓದ್ಲಿ ತಡಿ. ಪೂರ್ತಿ ಓದು ನವ್ಯಾ."

ಓದಿದೆ. "ಕಸ ಸಂಗ್ರಹಣೆಯ ಸಲುವಾಗಿ ಮನೆಗಳಿಂದ ಪಡೆದ ಸಹಿಗಳನ್ನು ತಾವು ಗ್ರಾಮಸಭೆಯ ಹಾಜರಾತಿ ಎಂಬುದಾಗಿ ಕಚೇರಿಗೆ ತಪ್ಪಾಗಿ ಸಲ್ಲಿಸಿ, ಪಂಚಾಯಿತಿಯನ್ನು ದಾರಿ ತಪ್ಪಿಸಿರುತ್ತೀರಿ. ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು." ಕೆಳಗೆ ಜಯಕುಮಾರ್ ಸಹಿ.

ಅವರ ಮಲವನ್ನು ಬೇರ್ಪಡಿಸಿದವಳ ಮೇಲೆ ಅವರ ಕಳ್ಳತನವನ್ನೂ ಸುರಿದಿದ್ದರು.

"ಇನ್ನೊಂದ್ ಸಲ ಓದು" ಎಂದಳು ಅವ್ವ. ಓದಿದೆ.

"ಅದು ಕಸದ ಸೈನು ಅಂತ ಅವ್ರೇ ಬರ್ದಿದಾರಾ?"

"ಹೂಂ."

"ಸೀಲು ಐತಾ?"

"ಇದೆ."

ಅವ್ವ ಕಲ್ಲಪ್ಪನ ಪುಸ್ತಕದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ನೋಟಿಸನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. ಜೆರಾಕ್ಸ್ ಮಾಡಿಸು, ಹತ್ತು ಮಾಡಿಸು ಎಂದಳು.

ಕಲ್ಲಪ್ಪ ಸೈಕಲ್ ತಿರುಗಿಸಿದ. "ಸಮಜಾಯಿಷಿ ಯಾವಾಗ ಕೊಡ್ತೀಯಾ ಅಂತ ಸಾಹೇಬ್ರು ಕೇಳ್ತಾರೆ. ಏನ್ ಹೇಳ್ಲಿ?"

"ಗ್ರಾಮಸಭೆ ಕರೀಲಿ" ಎಂದಳು ಅವ್ವ. "ಅಲ್ಲಿ ಕೊಡ್ತೀನಿ."